ಮರು: ಕಡಲಿಂದ ನದಿಗೆ ಬರುವ ಮೀನಿಗೆ ಕನ್ನಡ ಪದ (ಫಲಕಕ್ಕೆ, ನಾಳೆಯೇ ಬೇಕು)

> ಚೀನಾದ ಯಾಂಗ್ಟ್ಸಿ ನದಿಯ ಸ್ಟರ್ಜನ್ ಮೀನಿನ ಬಗ್ಗೆ ಮಕ್ಕಳ ವಿಜ್ಞಾನ ಮೇಳಕ್ಕೆ ಫಲಕ ಮಾಡುತ್ತಿದ್ದೇವೆ. ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಬರುವ ಮೀನಿಗೆ ಒಂದು ಪದ ಬೇಕು. 'ವಲಸೆ ಮೀನು' ಸಾಕಲ್ವಾ?

ಸಾಲದು. ಟ್ಯೂನಾ ಕೂಡ ವಲಸೆ ಹೋಗುತ್ತದೆ, ಆದರೆ ಕಡಲು ಬಿಟ್ಟು ಬರುವುದಿಲ್ಲ. ಹಾವುಮೀನು ಹೊಳೆಯಲ್ಲಿ ಬೆಳೆದು ಮೊಟ್ಟೆಯಿಡಲು ಕಡಲಿಗೆ ಇಳಿಯುತ್ತದೆ. ಸ್ಟರ್ಜನ್‌ನದು ಅದಕ್ಕೆ ತದ್ವಿರುದ್ಧ. 'ವಲಸೆ' ಅಂದರೆ ಯಾವ ಕಡೆಗೆ ಅಂತ ಗೊತ್ತೇ ಆಗುವುದಿಲ್ಲ.

ಇಲ್ಲಿ ಇನ್ನೊಬ್ಬರು ಕೊಟ್ಟಿರುವ 'ಪ್ರತಿಸ್ರೋತಗಾಮಿ' (ಹರಿವಿಗೆ ಎದುರು ಹೋಗುವುದು) ಬೇಡವೇ ಬೇಡ. ಆರನೇ ಕ್ಲಾಸಿನ ಮಗುವಿಗೆ ಅದು ಅರ್ಥವಾಗುವುದಿಲ್ಲ.

ನಮ್ಮಲ್ಲಿ ಪದ ಇದೆ: ಹತ್ತುಮೀನು. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾಗಿ ಉಕ್ಕುತ್ತದೆ. ಆಗ ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡ ಮೀನು ಹಳ್ಳ ಹಿಡಿದು ಗದ್ದೆಗೆ ಹತ್ತುತ್ತದೆ. ಬದುವಿನ ಕಂಡಿಯಲ್ಲಿ ಸುರಿಯುವ ನೀರಿಗೆ ಎದುರಾಗಿ ಜಿಗಿಯುತ್ತದೆ. ರಾತ್ರಿ ಟಾರ್ಚು, ಕತ್ತಿ ಹಿಡಿದು ಕಾಯುವವರು 'ಹತ್ತುಮೀನು ಕಡಿಯೋಕೆ ಹೋಗಿದ್ವಿ' ಅಂತಾರೆ. ಅವು ಕಡಲ ಮೀನಲ್ಲ, ನಿಜ. ಆದರೆ ಮೊಟ್ಟೆಯಿಡಲು ನೀರಿಗೆ ಎದುರಾಗಿ ಏರುವುದು ಎರಡರಲ್ಲೂ ಒಂದೇ.

ಒಂದು ತೊಡಕಿದೆ. 'ಹತ್ತು ಮೀನು' ಅಂತ ಬಿಡಿಸಿ ಬರೆದರೆ ಮಕ್ಕಳು ಸಂಖ್ಯೆ ಅಂದುಕೊಳ್ಳುತ್ತಾರೆ. ಏರುವ 'ಹತ್ತು' ಮೊದಲು 'ಹಿಡಿದುಕೊಳ್ಳು' ಅನ್ನುವ ಪದ. ತಮಿಳಿನಲ್ಲಿ ಅದು 'ಪಱ್ಱು', ಸಂಖ್ಯೆ 'ಪತ್ತು'. ಕನ್ನಡದಲ್ಲಿ ಎರಡೂ 'ಪತ್ತು' ಆಗಿ, ಆಮೇಲೆ 'ಹತ್ತು' ಆದವು. ಬೆಂಕಿ ಹತ್ತುವುದರಲ್ಲೂ ಬಸ್ ಹತ್ತುವುದರಲ್ಲೂ ಆ 'ಹಿಡಿ' ಇನ್ನೂ ಇದೆ. ಹಾಗಾಗಿ ಕೂಡಿಸಿಯೇ ಬರೆಯಿರಿ. ಮೊದಲ ಸಲ ಬರುವಲ್ಲಿ 'ಹೊಳೆ ಹತ್ತುವ ಮೀನು' ಅಂತ ಪಕ್ಕದಲ್ಲಿ ಹೇಳಿ.

ಸ್ಟರ್ಜನ್ ಬದಲು 'ಕವಚಮತ್ಸ್ಯ' ಬರೆಯಿರಿ ಎಂದವರ ಮಾತನ್ನೂ ಒಪ್ಪಲಾರೆ. ನಮ್ಮ ನೀರಿನಲ್ಲಿ ಆ ಮೀನೇ ಇಲ್ಲ. ಹೆಸರನ್ನು ಕಡ ತಂದರೆ ಏನೂ ಆಗಲ್ಲ. ಮೈಮೇಲೆ ಐದು ಸಾಲು ಮೂಳೆಯ ಬಿಲ್ಲೆ, ಬಾಯಿಯ ಮುಂದೆ ನಾಲ್ಕು ಮೀಸೆ ಅಂತ ಬರೆದರೆ ಮಕ್ಕಳ ಕಣ್ಣಿಗೆ ಕಟ್ಟುತ್ತದೆ.

ಇನ್ನು ನಿಮ್ಮ ಕರಡಿನ 'ಅಣೆಕಟ್ಟಿನಿಂದ ವಲಸೆಗೆ ಅಡಚಣೆ ಉಂಟಾಯಿತು' ತುಂಬಾ ಸಪ್ಪೆ. ಹೀಗೆ ಬರೆಯಿರಿ: '1981ರಲ್ಲಿ ಗೆಝೌಬಾ ಅಣೆಕಟ್ಟು ನದಿಗೆ ಅಡ್ಡ ನಿಂತಿತು. ಸ್ಟರ್ಜನ್‌ಗೆ ಮೇಲೆ ಹತ್ತಲು ದಾರಿ ಉಳಿಯಲಿಲ್ಲ. ಅಣೆಕಟ್ಟಿನ ಕೆಳಗೇ ಮೊಟ್ಟೆಯಿಟ್ಟಿತು. ಈಚಿನ ವರ್ಷಗಳಲ್ಲಿ ಅಲ್ಲೂ ಮೊಟ್ಟೆ ಕಾಣುತ್ತಿಲ್ಲ.' ಯಾಂಗ್ಟ್ಸಿಯಲ್ಲಿ 2021ರಿಂದ 10 ವರ್ಷ ಮೀನು ಹಿಡಿಯುವಂತಿಲ್ಲ ಅನ್ನುವುದರ ಪಕ್ಕದಲ್ಲೇ, ಹೆಣ್ಣು ಸ್ಟರ್ಜನ್ ಮೊಟ್ಟೆಗೆ ಬರಲು ಸುಮಾರು 14 ವರ್ಷವಾದರೂ ಬೇಕು ಅನ್ನುವುದನ್ನೂ ಹಾಕಿ. ನಿಷೇಧಕ್ಕಿಂತ ಮೀನು ಬೆಳೆಯುವ ಕಾಲವೇ ಉದ್ದ, ಹಾಗಾಗಿ ಎರಡು ಸಾಲು ಬೇರೆಬೇರೆ ಕಡೆ ಹೋಗಬಾರದು.

ಪ್ರಿಂಟಿಗೆ ಕಳಿಸುವ ಮುಂಚೆ ಕರಡನ್ನು ಇಲ್ಲಿ ಹಾಕಿ. ರಾತ್ರಿ ಎಷ್ಟು ಹೊತ್ತಾದರೂ ನೋಡಿಕೊಡುತ್ತೇನೆ.