ನುಗ್ಗೆ ಬೀಜದ ಪುಡಿ ಹಾಕಿದ ನೀರು ಮರುದಿನವೇ ನಾರುತ್ತಿದೆ

ಹಿತ್ತಲಬಾಳೆ:
ಎಲ್ಲರಿಗೂ ನಮಸ್ಕಾರ. ಸ್ನಾನದ, ಬಟ್ಟೆ ಒಗೆದ ನೀರನ್ನು 200 ಲೀಟರ್ ಡ್ರಮ್ಮಿನಲ್ಲಿ ಹಿಡಿದು ಬಾಳೆಗೆ ಬಿಡುತ್ತೇನೆ. ನೀರು ತಿಳಿಯಾಗಲು ಪಟಿಕ ಬೇಡವೆಂದು ಒಣ ನುಗ್ಗೆ ಬೀಜವನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ, ಕಾಲು ಕೆಜಿ ಪುಡಿ ಸುರಿದು ಕೋಲಿನಿಂದ ಜೋರಾಗಿ ಕಲಕುತ್ತೇನೆ. ನೀರು ನೀರುಮಜ್ಜಿಗೆಯ ಹಾಗೇ ಉಳಿಯುತ್ತದೆ, ಮೇಲೆ ಎಣ್ಣೆಪಸೆ. ಮರುದಿನ ಕೊಳೆತ ವಾಸನೆ. ಡ್ರಮ್ ಎತ್ತಿಸಿ ಅಂತ ಮನೆಯಲ್ಲಿ ಗಲಾಟೆ. ಬೀಜ ಕೆಟ್ಟಿದೆಯೇ?

ಇಂಗುಗುಂಡಿ:
ಬೀಜದ ತಪ್ಪಲ್ಲ ಸರ್, ಅಳತೆಯದ್ದು. ನೀವು ಹಾಕಿದ್ದು ಲೀಟರಿಗೆ 1.25 ಗ್ರಾಂ. ಕೆಸರುನೀರಿಗೆ ಸಾಮಾನ್ಯವಾಗಿ 50ರಿಂದ 200 ಮಿಲಿಗ್ರಾಂ ಸಾಕು. ಬೀಜದ ಪ್ರೋಟೀನಿಗೆ ಧನ ವಿದ್ಯುದಂಶ, ಕೊಳೆಯ ಕಣಗಳಿಗೆ ಋಣ. ಎರಡೂ ಅಂಟಿಕೊಂಡು ಗಂಟುಕಟ್ಟಿ ಕೆಳಗಿಳಿಯುತ್ತವೆ. ಪ್ರೋಟೀನು ಅತಿಯಾದರೆ ಕಣಗಳೆಲ್ಲ ಧನವಾಗಿ ಮತ್ತೆ ಒಂದನ್ನೊಂದು ದೂಡುತ್ತವೆ. ಮಿಕ್ಕ ಪ್ರೋಟೀನು, ಎಣ್ಣೆ ಬ್ಯಾಕ್ಟೀರಿಯಾಗಳಿಗೆ ಊಟ. ವಾಸನೆ ಅಲ್ಲಿಂದ. ಹಳ್ಳಿಗಳಲ್ಲಿ ನೀರು ತಿಳಿಯಾಗಲು ಗಡಿಗೆಯ ಒಳಮೈಗೆ ಚಿಲ್ಲದ ಮರದ ಬೀಜ ತೇಯುತ್ತಿದ್ದರಲ್ಲ, ನಾಲ್ಕು ಸುತ್ತು ತೇಯ್ದರೆ ಮುಗಿಯಿತು, ಹಿಡಿಗಟ್ಟಲೆ ಹಾಕುತ್ತಿರಲಿಲ್ಲ.

ಹೀಗೆ ಮಾಡಿ. ಸಿಪ್ಪೆ ಸುಲಿದು ಬಿಳಿ ತಿರುಳು ಮಾತ್ರ ಪುಡಿ ಮಾಡಿ. 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಲ್ಲಿ ಕದಡಿ ಹಳೆ ಪಂಚೆಯಲ್ಲಿ ಸೋಸಿ. ಒಂದೊಂದು ಲೀಟರಿನ ನಾಲ್ಕು ಬಾಟಲಿಗಳಲ್ಲಿ ನಿಮ್ಮ ಕೊಳೆನೀರು ತುಂಬಿ, ಸೋಸಿದ ಕದಡನ್ನು ಸಿರಿಂಜಿನಿಂದ ಕ್ರಮವಾಗಿ 5, 10, 15, 20 ಎಂಎಲ್ ಹಾಕಿ. ಒಂದು ನಿಮಿಷ ಜೋರಾಗಿ, ಆಮೇಲೆ ಹದಿನೈದು ನಿಮಿಷ ಬಲು ನಿಧಾನಕ್ಕೆ ಕಲಕಿ. ಜೋರು ಮುಂದುವರಿಸಿದರೆ ಕಟ್ಟಿದ ಗಂಟು ಒಡೆಯುತ್ತದೆ. ಎರಡು ಗಂಟೆ ಬಿಡಿ. ಸೋಪು ಈ ಪ್ರೋಟೀನನ್ನು ಹಿಡಿದಿಡುತ್ತದೆ, ಹಾಗಾಗಿ ಒಗೆದ ನೀರಿಗೆ ಸ್ವಲ್ಪ ಹೆಚ್ಚೇ ಬೇಕಾದೀತು. ಉಪ್ಪುನೀರಲ್ಲಿ ಕದಡಿದರೆ ಪ್ರೋಟೀನು ಚೆನ್ನಾಗಿ ಬಿಡುತ್ತದೆ ನಿಜ, ಆದರೆ ಬಾಳೆಯ ಬುಡಕ್ಕೆ ಉಪ್ಪು ಬೇಡವೇ ಬೇಡ. ಕದಡಿದ್ದನ್ನು ಅಂದಂದೇ ಬಳಸಿ.

ಹಿತ್ತಲಬಾಳೆ:
ಮಾಡಿ ನೋಡಿದೆ ಸರ್. 15 ಎಂಎಲ್ ಬಾಟಲಿಯಲ್ಲಿ ಹಾಲು ಒಡೆದ ಹಾಗೆ ಬೂದು ಚೂರುಗಳು ಕಟ್ಟಿ ಇಳಿದವು, ಮೇಲಿನ ನೀರಿನಾಚೆ ಪೇಪರ್ ಹಿಡಿದರೆ ಅಕ್ಷರ ಕಾಣಿಸಿತು! ಡ್ರಮ್ಮಿಗೆ 3 ಲೀಟರ್ ಕದಡು ಹಾಕಿದೆ, ಅಂದರೆ ಬರೀ 30 ಗ್ರಾಂ ಪುಡಿ. ಸ್ವಲ್ಪ ನೊರೆ ಇನ್ನೂ ಇದೆ.

ಇಂಗುಗುಂಡಿ:
ನೊರೆ ಪೂರ್ತಿ ಹೋಗುವುದಿಲ್ಲ. ತಿಳಿನೀರನ್ನು ಮರಳಿನ ಬಕೆಟ್ಟಿನಿಂದ ಇಳಿಸಿ ಅದೇ ದಿನ ಬಾಳೆಗೆ ಬಿಡಿ, ಸೊಪ್ಪಿನ ಮಡಿಗೆ ಬೇಡ. ಬೀಜ ಹಾಕದಿದ್ದರೂ ಕೊಳೆನೀರು ಒಂದು ದಿನ ದಾಟಿದರೆ ನಾರುತ್ತದೆ. ತಳದ ಕೆಸರು ಗೊಬ್ಬರಗುಂಡಿಗೆ.