60 ಸಾವಿರ ಈಗಲೇ ಕಟ್ಟಬೇಡ, ತಂಗಿ

ಕಳೆದ ಸಂಚಿಕೆಯ ಸಮಸ್ಯೆ: ನಾನು ಕುಮಟಾ ಹತ್ತಿರದ ಹಳ್ಳಿಯವಳು, ವಯಸ್ಸು 22. ಬಿ.ಎಸ್ಸಿ. ಮುಗಿದು ಒಂದು ವರ್ಷವಾಯಿತು. ಯೂಟ್ಯೂಬ್ ನೋಡಿ ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಮೊಬೈಲ್ ಆ್ಯಪ್ ಮಾಡುವ ಕೆಲಸಕ್ಕೆ ಸೇರುವ ಆಸೆ. ಅಪ್ಪ ಬ್ಯಾಂಕ್ ಪರೀಕ್ಷೆ ಬರಿ ಎನ್ನುತ್ತಾರೆ. ಬೆಂಗಳೂರಿನ ಒಂದು ಕೋಚಿಂಗ್‌ನವರು 6 ತಿಂಗಳಿಗೆ 60 ಸಾವಿರ ಕೇಳುತ್ತಿದ್ದಾರೆ, ಕೆಲಸ ಗ್ಯಾರಂಟಿಯಂತೆ. ಇರುವುದು 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್. ಏನು ಮಾಡಲಿ?

ಓದುಗರ ಸ್ಪಂದನ

ತಂಗಿ, ನಿನ್ನ ಪತ್ರ ಓದಿ 5 ವರ್ಷದ ಹಿಂದಿನ ನಾನೇ ಎದುರು ಕೂತಂತಾಯಿತು. ನಮ್ಮ ಮನೆ ಶಿರಸಿ ತಾಲೂಕಿನ ಒಳಗೆ, ಬಸ್ಸಿಳಿದು 2 ಕಿ.ಮೀ. ನಡೆಯಬೇಕು. ನಾನೂ ವಿಡಿಯೋ ನೋಡುತ್ತಾ ನೋಡುತ್ತಾ ಒಂದು ವರ್ಷ ಕಳೆದಿದ್ದೆ. ವಿಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಮುಚ್ಚಿಟ್ಟು ಬರೆಯಲು ಕೂತರೆ ಕೈ ಓಡುವುದಿಲ್ಲ. ನಿನಗೂ ಹಾಗೇ ಅಲ್ವಾ?

ನನ್ನನ್ನು ದಾಟಿಸಿದ್ದು ಚಿಕ್ಕಮ್ಮನ ಅಡಿಕೆ ಸುಲಿಯುವ ಲೆಕ್ಕ. ಸೀಸನ್ನಿನಲ್ಲಿ ನಮ್ಮಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಸಂಜೆ ಯಾರದು ಎಷ್ಟು ಡಬ್ಬ ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು ಚಿಕ್ಕಮ್ಮ. ವಾರದ ಕೊನೆಗೆ ಕೂಡಿಸುವಾಗ ಪ್ರತಿ ಸಲ ಒಂದು ಜಗಳ. ನಾನು ದೊಡ್ಡ ಜಾಣನ ಹಾಗೆ, 'ಇದಕ್ಕೊಂದು ಆ್ಯಪ್ ಮಾಡಿಕೊಡುತ್ತೇನೆ' ಎಂದೆ. ಹೆಸರು ಆರಿಸು, ಡಬ್ಬ ಎಷ್ಟು ಹಾಕು, ಉಳಿಸು. ಅಷ್ಟೇ. 10 ದಿನದಲ್ಲಿ ಮುಗಿಯಿತು.

ಮೂರನೇ ದಿನ ಚಿಕ್ಕಮ್ಮ ಕೂಗಿದರು: 'ಇಲ್ನೋಡು, ಇವಳೊಬ್ಬಳೇ ಇವತ್ತು 16 ಡಬ್ಬ ಸುಲಿದಳಂತೆ!' ಆಕೆ ಸುಲಿದದ್ದು 4. ಆಗಿದ್ದು ಇಷ್ಟು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಸುಲಿಯುವುದು ಹಿತ್ತಿಲ ಕಡೆ. ಆ್ಯಪ್ ಒಂದೊಂದು ಲೆಕ್ಕವನ್ನೂ ನೇರ ಸರ್ವರಿಗೆ ಕಳಿಸಲು ಹೋಗಿ ಸುತ್ತುತ್ತಾ ನಿಂತಿತ್ತು. ಏನೂ ಆಗಲಿಲ್ಲವೆಂದು ಚಿಕ್ಕಮ್ಮ ಗುಂಡಿಯನ್ನು 4 ಸಲ ಒತ್ತಿದ್ದರು. ಆಮೇಲೆ ಅಂಗಳಕ್ಕೆ ಬಂದಾಗ ನಾಲ್ಕೂ ಒಟ್ಟಿಗೆ ಹೋಗಿ ಕೂತವು.

ಅದನ್ನು ಸರಿಮಾಡಲು ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳಲ್ಲಿ ಕಲಿತಷ್ಟು ಹಿಂದಿನ ಇಡೀ ವರ್ಷದಲ್ಲಿ ಕಲಿತಿರಲಿಲ್ಲ. ಲೆಕ್ಕ ಮೊದಲು ಫೋನಿನಲ್ಲೇ ಉಳಿಯಬೇಕು, ಅದಕ್ಕೆ 'ರೂಮ್' ಎಂಬ ಡೇಟಾಬೇಸ್ ಹಾಕಿದೆ. ನೆಟ್‌ವರ್ಕ್ ಬಂದಾಗ ತಾನಾಗಿ ಸರ್ವರಿಗೆ ಹೋಗಬೇಕು, ಅದಕ್ಕೆ ವರ್ಕ್‌ಮ್ಯಾನೇಜರ್ ಎಂಬ ಸಾಧನ. ಪ್ರತಿ ಲೆಕ್ಕಕ್ಕೂ ಫೋನೇ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡಬೇಕು. ಚೊಗರು ಹತ್ತಿದ ಬೆರಳಿಗೆ ಸಣ್ಣ ಗುಂಡಿ ಸಿಗುವುದಿಲ್ಲ, ಗುಂಡಿಗಳನ್ನು ದೊಡ್ಡದು ಮಾಡಿದೆ. ಇಂಗ್ಲಿಷ್ ಪದಗಳನ್ನೆಲ್ಲ ತೆಗೆದು ಕನ್ನಡದವನ್ನು ಬೇರೆ ಫೈಲಿನಲ್ಲಿಟ್ಟೆ. ಅಂಕಿಗಳನ್ನೂ ಅಭಿಮಾನದಿಂದ ಕನ್ನಡದಲ್ಲೇ ಹಾಕಿದ್ದೆ. 'ಅದು ಬೇಡ ಮಾರಾಯ, ಕ್ಯಾಲೆಂಡರಿನಲ್ಲಿರುವ ಹಾಗೇ ಇರಲಿ' ಎಂದು ಚಿಕ್ಕಮ್ಮನೇ ತೆಗೆಸಿದರು.

ಮುಂದೆ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋದಾಗ ಕೇಳಿದ ಪ್ರಶ್ನೆ: ಹಣ ಕಳಿಸುವ ಗುಂಡಿಯನ್ನು ಗ್ರಾಹಕ ಎರಡು ಸಲ ಒತ್ತಿದರೆ ಏನು ಮಾಡುತ್ತೀರಿ? ನಾನು ಅಡಿಕೆ ಡಬ್ಬದ ಕಥೆ ಹೇಳಿದೆ. ಅವರು ಮುಕ್ಕಾಲು ಗಂಟೆ ಅದರ ಬಗ್ಗೆಯೇ ಕೇಳಿದರು. ಡಿಗ್ರಿಯಲ್ಲಿ ಎಷ್ಟು ಅಂಕ ಎಂದು ಕೇಳಿದ್ದು ಏಳುವ ಹೊತ್ತಿಗೆ.

ನಿಮ್ಮ ಮನೆ ಸುತ್ತಮುತ್ತ ಯಾರ ಹತ್ತಿರ ಇನ್ನೂ ನೋಟ್‌ಬುಕ್ ಇದೆ ನೋಡು. ಹಾಲಿನ ಲೆಕ್ಕ, ಮೀನು ಮಾರುವವರ ಸಾಲದ ಲೆಕ್ಕ, ಸ್ವಸಹಾಯ ಸಂಘದ ಕಂತು, ಏನಾದರೂ ಸಿಗುತ್ತದೆ. 60 ಸಾವಿರ ಕಟ್ಟುವ ಮೊದಲು ಅದೊಂದನ್ನು ಮಾಡು.
— ಶಿರಸಿ ಕಡೆಯ ಒಬ್ಬ ಅಣ್ಣ, ಈಗ ಬೆಂಗಳೂರು

ಗ್ಯಾರಂಟಿ ಎಂದವರ ಹತ್ತಿರ ಅದನ್ನೇ ಬರೆದುಕೊಡಿ ಎಂದು ಕೇಳಿ ನೋಡಿ. ನಾನು ಕೇಳಿರಲಿಲ್ಲ. ಅಮ್ಮನ ಬಳೆ ಅಡ ಇಟ್ಟು 45 ಸಾವಿರ ಕಟ್ಟಿದ್ದೆ, ಊರಿನ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಡ. ಕೋರ್ಸ್ ಮುಗಿದ ಮೇಲೆ ಅವರು ಕಳಿಸಿದ್ದು ಒಂದು ಕಾಲ್ ಸೆಂಟರಿಗೆ. 'ಐಟಿ ಕಂಪನಿಯೇ ಅಲ್ವಾ' ಎಂದರು. ಪಾಠ ಪೂರ್ತಿ ಕೆಟ್ಟದಿತ್ತು ಎನ್ನಲಾರೆ. ಆದರೆ ಅಲ್ಲಿ ಹೇಳಿಕೊಟ್ಟದ್ದರಲ್ಲಿ ಬಹುಪಾಲು ಗೂಗಲ್‌ನವರ ಆಂಡ್ರಾಯ್ಡ್ ಡೆವಲಪರ್ಸ್ ತಾಣದಲ್ಲಿ ಪುಕ್ಕಟೆ ಇದೆ. ಇದು ಗೊತ್ತಾಗಿದ್ದು ಬಳೆ ಬಿಡಿಸಿದ ಮೇಲೆ.
— ನೊಂದ ಓದುಗ, ಅಂಕೋಲಾ

ಎಲ್ಲರೂ ಮಗಳ ಕಡೆಯೇ ಬರೆಯುತ್ತೀರಿ, ಅಪ್ಪನ ಕಡೆ ಒಬ್ಬನಾದರೂ ಬೇಡವೇ? ನನಗೂ ಇಬ್ಬರು ಹೆಣ್ಣುಮಕ್ಕಳು. ಬ್ಯಾಂಕ್ ಪರೀಕ್ಷೆ ಬರಿ ಎನ್ನುವ ಅಪ್ಪನಿಗೆ ಆ್ಯಪ್ ಮೇಲೆ ದ್ವೇಷವಿಲ್ಲ ತಂಗಿ. ತಿಂಗಳ ಸಂಬಳ ಎಂದರೇನು ಎಂದು ಅವರಿಗೆ ಗೊತ್ತು. ಕಂಪನಿಯವರು ಇ-ಮೇಲ್ ಕಳಿಸಿ ಜನರನ್ನು ತೆಗೆಯುವುದನ್ನು ಟಿವಿಯಲ್ಲಿ ನೋಡಿದ್ದಾರೆ. ಹಾಗಂತ ಗಡಿಬಿಡಿಯೂ ಬೇಡ. ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೂ 28 ವರ್ಷದವರೆಗೆ ಅವಕಾಶ ಇದೆ, ನಿನಗೀಗ 22. ಅಪ್ಪನ ಹತ್ತಿರ ಒಂದು ವರ್ಷ ಕೇಳಿಕೋ. ಇಂಥ ತಿಂಗಳಿಗೆ ಇಷ್ಟು ಎಂದು ಒಂದು ಕಾಗದದಲ್ಲಿ ಬರೆದು ಕೊಡು. ಬಾಯಲ್ಲಿ ಹೇಳಿದರೆ ಅಪ್ಪಂದಿರು ನಂಬುವುದಿಲ್ಲ, ನಾನಂತೂ ನಂಬುವುದಿಲ್ಲ.
— ಒಬ್ಬ ತಂದೆ, ಯಲ್ಲಾಪುರ

ನಾನು ಕಾರವಾರದವನು. ಸಣ್ಣ ಕಂಪನಿಗೆ ಆ್ಯಪ್ ಮಾಡುವವರನ್ನು ಆರಿಸುವುದು ನನ್ನ ಕೆಲಸದಲ್ಲೊಂದು. ಬರುವ ಹುಡುಗ ಹುಡುಗಿಯರ ಹತ್ತಿರ ಇರುವುದು ಇದೇ 3: ಕ್ಯಾಲ್ಕುಲೇಟರ್, ಮಾಡಬೇಕಾದ ಕೆಲಸಗಳ ಪಟ್ಟಿ, ಹವಾಮಾನ. ಈಗ ಎಐ ಅದನ್ನು 5 ನಿಮಿಷದಲ್ಲಿ ಬರೆದುಕೊಡುತ್ತದೆ. ಎಐ ಬಳಸಿದರೆ ನನ್ನ ತಕರಾರಿಲ್ಲ. ನಡುವಿನ ಯಾವುದೋ ಒಂದು ಸಾಲು ತೋರಿಸಿ ಇದು ಯಾಕಿದೆ ಎಂದು ಕೇಳುತ್ತೇನೆ. ಅಲ್ಲಿ ಹೆಚ್ಚಿನವರು ಸುಮ್ನಾಗುತ್ತಾರೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇಡಿ. ಒಂದೇ ದಿನ ಎಲ್ಲ ಸುರಿಯಬೇಡಿ, ದಿನಾ ಮಾಡಿದ್ದನ್ನು ದಿನಾ ಹಾಕಿ. ಹೇಗೆ ಕೆಲಸ ಮಾಡುತ್ತೀರಿ ಎಂಬುದು ಅದರಲ್ಲೇ ಕಾಣುತ್ತದೆ.

ಕೋಟ್ಲಿನ್ ಆರಿಸಿದ್ದು ಸರಿಯಾಗಿದೆ. 2019ರಿಂದ ಗೂಗಲ್ ಆಂಡ್ರಾಯ್ಡ್‌ಗೆ ಅದನ್ನೇ ಮೊದಲ ಭಾಷೆ ಎಂದಿದೆ. ನೋಡುವ ವಿಡಿಯೋ ಯಾವ ವರ್ಷದ್ದು ಎಂದು ಮಾತ್ರ ಗಮನಿಸಿ. 2021ರಲ್ಲಿ ಕಂಪೋಸ್ ಎಂಬ ಹೊಸ ಸಾಧನ ಬಂದ ಮೇಲೆ ಆ್ಯಪಿನ ಪರದೆ ಕಟ್ಟುವ ರೀತಿಯೇ ಬದಲಾಗಿದೆ. ಪರದೆ ಕಟ್ಟುವ ಹಳೇ ರೀತಿ ಎಕ್ಸ್‌ಎಂಎಲ್ ಇನ್ನೂ ಕಂಪನಿಗಳಲ್ಲಿದೆ, ಓದಲು ಬಂದರೆ ಸಾಕು. ಯಾರೋ ಫ್ಲಟರ್ ಎಂದರು, ಇನ್ಯಾರೋ ರಿಯಾಕ್ಟ್ ನೇಟಿವ್ ಎಂದರು ಎಂದು ಆ್ಯಪ್ ಮಾಡುವ ಸಾಧನಗಳನ್ನು ತಿಂಗಳಿಗೊಂದು ಹಿಡಿಯಬೇಡಿ. ಐಫೋನ್ ಕಡೆ ಈಗ ನೋಡಲೇಬೇಡಿ. ಅದಕ್ಕೆ ಆ್ಯಪಲ್‌ನವರ ಮ್ಯಾಕ್ ಕಂಪ್ಯೂಟರ್ ಬೇಕು, ಮೇಲೆ ಆ್ಯಪ್ ಸ್ಟೋರಿಗೆ ಹಾಕಲು ವರ್ಷಕ್ಕೆ 99 ಡಾಲರ್.
— ಕಾರವಾರದ ಓದುಗ

ಎಲ್ಲರೂ ಲ್ಯಾಪ್‌ಟಾಪ್ ವಿಷಯ ಮರೆತರು. 4 ಜಿಬಿಯಲ್ಲಿ ಆ್ಯಪ್ ಬರೆಯುವ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ ತೆರೆಯುವುದರೊಳಗೆ ಒಂದು ಕೊಡ ನೀರು ಸೇದಿ ಬರಬಹುದು. ನಾನು ಮಾಡಿದ್ದೇನೆ! ಕಡಿಮೆಯೆಂದರೆ 8 ಬೇಕು, 16 ಇದ್ದರೆ ಆರಾಮ. ಹೊಸದೇ ಬೇಕೆಂದಿಲ್ಲ. ನಿನ್ನದರಲ್ಲಿ ರ್‍ಯಾಮ್ ಹೆಚ್ಚಿಸಲು ಜಾಗವಿದೆಯೇ ಎಂದು ರಿಪೇರಿಯವರ ಹತ್ತಿರ ಕೇಳು. ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸು. 60 ಸಾವಿರದಲ್ಲಿ ಇದಕ್ಕೆ ಹೋಗುವುದು ಸಣ್ಣ ಪಾಲು. ಲ್ಯಾಪ್‌ಟಾಪಿನೊಳಗೇ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ಓಡಿಸಲೇಬೇಡ, ನಿನ್ನ ಫೋನನ್ನೇ ಕೇಬಲ್ಲಿನಿಂದ ಜೋಡಿಸು. ಅದಕ್ಕೆ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ 'ನೀವೀಗ ಡೆವಲಪರ್' ಎಂದು ಫೋನೇ ಹೇಳುತ್ತದೆ. ನಾನು ಅದನ್ನು ಗಂಡನಿಗೆ ತೋರಿಸಿದ್ದೆ, 'ಸಂಬಳ ಎಷ್ಟಂತೆ?' ಎಂದರು.

ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದ ಮೇಲೆ ಕಲಿತವಳು, ಈಗ ಮನೆಯಿಂದಲೇ ಕೆಲಸ. ಮೊದಲ ಕೆಲಸ ಸಿಗಲು ಒಂದೂವರೆ ವರ್ಷ ಬೇಕಾಯಿತು. ಮಳೆಗಾಲದಲ್ಲಿ ಕರೆಂಟು ಹೋದರೆ ಮೀಟಿಂಗೇ ಹೋಗುತ್ತದೆ, ಇನ್ವರ್ಟರ್‌ಗೆ ಬೇರೆ ದುಡ್ಡು ತೆಗೆದಿಡು.

ಆ್ಯಪನ್ನು ಪ್ಲೇ ಸ್ಟೋರಿಗೆ ಹಾಕಲು ಒಂದೇ ಸಲ 25 ಡಾಲರ್ ಕಟ್ಟಬೇಕು. ಆದರೆ ಕಟ್ಟಿದ ಕೂಡಲೇ ಎಲ್ಲರಿಗೂ ಕಾಣುವುದಿಲ್ಲ. ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದವರು ಮೊದಲು ಪರೀಕ್ಷಿಸಿ ನೋಡಲು ಕನಿಷ್ಠ 12 ಜನರಿಗೆ ಆ್ಯಪ್ ಕೊಟ್ಟು, ಅಷ್ಟೂ ಜನ ಸತತ 14 ದಿನ ಪರೀಕ್ಷೆಯಲ್ಲಿ ಉಳಿಯಬೇಕು. ಮೊದಲು ಇದು 20 ಇತ್ತು. ನಾನು ಅಕ್ಕಪಕ್ಕದವರನ್ನೆಲ್ಲ ಹಿಡಿದು ತಂದಿದ್ದೆ. ಹತ್ತನೇ ದಿನ ಒಬ್ಬ ಭಾವ ಫೋನಿನಲ್ಲಿ ಜಾಗ ಸಾಲದೆಂದು ಆ್ಯಪ್ ತೆಗೆದುಬಿಟ್ಟರು. ಹಾಗಾಗಿ ಹದಿನೈದಿಪ್ಪತ್ತು ಜನರನ್ನೇ ಹಿಡಿ. ಒಬ್ಬಳು ನಾನಿದ್ದೇನೆ, ಬರೆದುಕೋ. ನನ್ನ ಇ-ಮೇಲ್ ಸಂಪಾದಕರ ಹತ್ತಿರ ಇದೆ.
— ಒಬ್ಬ ಅಕ್ಕ, ಹೊನ್ನಾವರ