ಶ್ರೀಹರಿಕೋಟಾ ದ್ವೀಪ ಅಂತಾರೆ, ನಾವು ಬಸ್ಸಿನಲ್ಲೇ ಹೋಗಿ ಬಂದೆವಲ್ಲ!

ನವನಗರದ ಅಪ್ಪ (ಬಾಗಲಕೋಟೆ)
ಬೇಸಿಗೆ ರಜೆಯಲ್ಲಿ ಮಗನ ಹಠಕ್ಕೆ ರಾಕೆಟ್ ನೋಡಲು ಹೋಗಿದ್ದೆ. ಆಂಧ್ರದ ಸೂಳ್ಳೂರುಪೇಟೆಯಲ್ಲಿ ರೈಲು ಇಳಿದು ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಬಿರುಕು ಬಿಟ್ಟ ಕೆಸರು, ಮೇಲೆ ಬೆಳ್ಳಗೆ ಉಪ್ಪು. "ಅಪ್ಪಾ, ನೀರೇ ಇಲ್ಲ, ಇದೆಂಥ ದ್ವೀಪ?" ಅಂದ. ನನಗೆ ಗೊತ್ತಿರುವುದು ಕೃಷ್ಣೆಯ ನಡುಗಡ್ಡೆ ಅಷ್ಟೇ. ಅಲ್ಲಿ ನೆಲದ ಕೆಳಗೆ ಇರುವುದು ಕಲ್ಲಾ, ಮಣ್ಣಾ? ಗೊತ್ತಿದ್ದವರು ಹೇಳ್ರಿ.

ಸೈಟ್ ಸೂಪರ್‌ವೈಸರ್ (ಬೀಳಗಿ)
ನಾನು ಎರಡು ವರ್ಷ ಆ ಕಡೆ ಕೆಲಸಕ್ಕಿದ್ದೆ. ಕಲ್ಲೂ ಅಲ್ಲ, ನಮ್ಮ ಕಡೆಯ ಎರೆಮಣ್ಣೂ ಅಲ್ಲ, ಪೂರಾ ಉಸುಕು. ಒಮ್ಮೆ ಕಂಬಕ್ಕೆ ಗುಂಡಿ ತೋಡಿಸಿದೆ. ಉಸುಕಿನಲ್ಲಿ ಚಿಪ್ಪಿನ ಚೂರು ಬಂತು. ತೋಡಿದಷ್ಟೂ ಬದಿ ಕುಸಿಯಿತು. ಮಧ್ಯಾಹ್ನದ ಊಟ ಮುಗಿಸಿ ಬಂದರೆ ಗುಂಡಿ ಅರ್ಧ ಮುಚ್ಚಿತ್ತು!

ಹಿಮಯುಗ ಮುಗಿದ ಮೇಲೆ ಸಮುದ್ರ ಏರುತ್ತಾ ಬಂತು. ಸುಮಾರು 6–7 ಸಾವಿರ ವರ್ಷದ ಹಿಂದೆ ಆ ಏರಿಕೆ ನಿಧಾನವಾಯಿತು. ಆಮೇಲೆ ಅಲೆಗಳು ದಂಡೆಗುಂಟ ಉಸುಕು ಸಾಗಿಸಿ ಉದ್ದನೆಯ ದಿನ್ನೆ ಕಟ್ಟಿದವು. ದಿನ್ನೆಯ ಹಿಂದೆ ಸಿಕ್ಕಿಕೊಂಡ ನೀರೇ ಪುಲಿಕಾಟ್ ಸರೋವರ. ಅರಣಿ, ಕಾಳಂಗಿ ನದಿಗಳು ಅದನ್ನೇ ಸೇರುತ್ತವೆ. ದೇಶದ ಇಂಥ ಉಪ್ಪುನೀರಿನ ಸರೋವರಗಳಲ್ಲಿ ಚಿಲಿಕಾ ಬಿಟ್ಟರೆ ಇದೇ ದೊಡ್ಡದು.

ನೀವು ಹೋದ ರಸ್ತೆ ಕೆರೆ ಏರಿ ಇದ್ದ ಹಾಗೆ, ಸರೋವರದೊಳಗೆ ಎತ್ತರಿಸಿ ಹಾಕಿದ್ದು. ಅಲ್ಲಿ ನೀರು ಮೊದಲೇ ತೆಳು, ಬೇಸಿಗೆಗೆ ಬತ್ತುತ್ತದೆ. ಮಗನನ್ನು ಡಿಸೆಂಬರಿನಲ್ಲಿ ಕರೆದುಕೊಂಡು ಹೋಗ್ರಿ, ಎರಡೂ ಕಡೆ ನೀರು ತೋರಿಸಬಹುದು. ನಮ್ಮ ಹೆರಕಲ್ ಹಿನ್ನೀರಿಗೆ ಬರುವ ರಾಜಹಂಸಗಳೂ ಸಿಗುತ್ತವೆ.

ಕರಾವಳಿ ಸೊಸೆ (ಬೆಳಗಾವಿ)
ನನ್ನ ತವರು ಉಡುಪಿ ಕಡೆ. ನಾವು ಇಂಥ ಉಸುಕಿನ ಪಟ್ಟಿಗೆ ಬೆಂಗ್ರೆ ಅಂತೀವಿ. ಕೋಡಿ ಬೆಂಗ್ರೆಗೆ ಹೋದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ, ತೆಂಗು, ಮನೆ. ಅದು ಒಂದು ತುದಿಯಲ್ಲಿ ನೆಲಕ್ಕೆ ಅಂಟಿಕೊಂಡಿದೆ, ಹಾಗಾಗಿ ದ್ವೀಪ ಅಲ್ಲ. ಆದರೆ ಕಟ್ಟಿದ್ದು ಅದೇ ಅಲೆ, ಅದೇ ಉಸುಕು, ಅಲ್ವಾ?

ನವನಗರದ ಅಪ್ಪ
ಈಗ ತಿಳೀತು, ಥ್ಯಾಂಕ್ಸ್ ರೀ. ನಾವು ಆಲಮಟ್ಟಿ ಹಿನ್ನೀರಿನ ಮುಳುಗಡೆ ಊರಿನವರು, ಅದಕ್ಕೆ ಇನ್ನೊಂದು ಕೇಳ್ತೀನಿ. ರಾಕೆಟ್ ಬರುವ ಮೊದಲು ಅಲ್ಲಿ ಯಾರಿದ್ದರು?

ಸೈಟ್ ಸೂಪರ್‌ವೈಸರ್
ಬಾಗಲಕೋಟೆಯವರು ಕೇಳದೆ ಇನ್ಯಾರು ಕೇಳ್ತಾರೆ ಬಿಡ್ರಿ. ಯಾನಾದಿ ಜನ ಇದ್ದರು. ಮೀನು, ಜೇನು, ಗೆಡ್ಡೆ ಅವರ ಬದುಕು. ಗಿಡಮೂಲಿಕೆ ಔಷಧ ಬಲ್ಲವರು. ದ್ವೀಪದ ಕಾಡಿನ ಸೌದೆ ಬಕಿಂಗ್‌ಹ್ಯಾಮ್ ಕಾಲುವೆಯ ದೋಣಿಗಳಲ್ಲಿ ಮದ್ರಾಸಿಗೆ ಹೋಗುತ್ತಿತ್ತು. 1969ರಲ್ಲಿ ಉಡಾವಣೆಗೆ ಈ ಜಾಗ ಆರಿಸಿದರು. ಪೂರ್ವಕ್ಕೆ ಬರೀ ಸಮುದ್ರ, ಏನೇ ಬಿದ್ದರೂ ನೀರಿಗೆ. ಭೂಮಿ ತಿರುಗುವ ವೇಗವೂ ಆ ದಿಕ್ಕಿಗೇ ನೂಕುತ್ತದೆ. 1971ರ ಅಕ್ಟೋಬರ್ 9ಕ್ಕೆ ಮೊದಲ ಸಣ್ಣ ರಾಕೆಟ್ ಹಾರಿತು. 1979ರಲ್ಲಿ ಉಪಗ್ರಹ ಹೊತ್ತ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು, ಮರುವರ್ಷ ಗೆದ್ದಿತು.

ಜಾಗ ತೆಗೆದುಕೊಂಡಾಗ ಅಲ್ಲಿದ್ದ ಊರುಗಳನ್ನು ಎಬ್ಬಿಸಿದರು. ನಮ್ಮಲ್ಲಿ ಹಿನ್ನೀರು ಇಳಿದಾಗ ಹಳೆ ಊರಿನ ಗೋಡೆಯಾದರೂ ಕಾಣುತ್ತದೆ. ಅಲ್ಲಿ ನಾನು ನೋಡಿದ್ದು ಉಸುಕಿನಲ್ಲಿ ಸಾಲಾಗಿ ನೆಟ್ಟ ಗಾಳಿಮರ, ನೀಲಗಿರಿ ಮಾತ್ರ.